ಶಿಲಾಶಾಸನವೂ ಕೊಟ್ಟ ಮಾತೂ

ಅಚ್ಚಿನ ಮೊಳೆ, ತಂತಿ, ಬಾನುಲಿ ಇವೆಲ್ಲವೂ ಮಾತನ್ನು ದೂರದ ಊರುಗಳಿಗೆ ಒಯ್ಯುವುದಕ್ಕಾಗಿ ಮನುಷ್ಯನು ಕಂಡುಕೊಂಡ ಉಪಾಯಗಳು. ಶಿಲಾಶಾಸನವಾದರೋ ಮಾತನ್ನು ದೂರದ ಕಾಲಕ್ಕೆ ಒಯ್ಯುವ ಉಪಾಯ. ಸೊರಬ, ಶಿಕಾರಿಪುರಗಳ ಸೀಮೆಯಲ್ಲಿ ತಿರುಗಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ಈ ಉಪಾಯದಿಂದ ಉಳಿಯುವುದು ಮಾತು ಮಾತ್ರವೋ, ಮಾತಿನೊಡನೆ ಹುಟ್ಟಿದ ಹೊಣೆಯೂ ಉಳಿಯುವುದೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಆನವಟ್ಟಿಯ ಹತ್ತಿರದ ಕುಬಟೂರನ್ನೇ ನೋಡೋಣ. ಶಾಸನಗಳ ಕುಪ್ಪಟೂರು ಇದೇ; ಅಂದು ಹೆಸರುವಾಸಿಯಾದ ಅಗ್ರಹಾರ. 1077ರಲ್ಲಿ ಕದಂಬ ಕೀರ್ತಿದೇವನ ಪಟ್ಟದರಸಿ ಮಾಳಲದೇವಿಯು ಇಲ್ಲಿ ಪಾರ್ಶ್ವದೇವ ಚೈತ್ಯಾಲಯವನ್ನು ಮಾಡಿಸಿ, ಪದ್ಮನಂದಿ ಸಿದ್ಧಾಂತದೇವರ ಮೂಲಕ ಪ್ರತಿಷ್ಠೆಯನ್ನು ನೆರವೇರಿಸಿದಳು. ಬಳಿಕ ಅಗ್ರಹಾರದ ಬ್ರಾಹ್ಮಣರನ್ನು ಗೌರವಿಸಿ ಅವರಿಂದಲೇ ಅದಕ್ಕೆ ಬ್ರಹ್ಮಜಿನಾಲಯವೆಂದು ಹೆಸರಿಡಿಸಿದಳು. ಒಂದು ಮತದವರ ದೇವಾಲಯಕ್ಕೆ ಇನ್ನೊಂದು ಮತದವರು ನಾಮಕರಣ ಮಾಡಿದ ಈ ಸಂಗತಿಯನ್ನು ಕಲ್ಲು ಹೇಳದಿದ್ದರೆ ನಮಗೆ ಹೇಳುವವರಾರು?

ಹೀಗಿದ್ದೂ ಕಲ್ಲನ್ನು ನಿಲ್ಲಿಸಿದವರು ಅದನ್ನು ಪೂರ್ತಿಯಾಗಿ ನಂಬಲಿಲ್ಲ. ದಾನಶಾಸನಗಳ ಮೇಲುಗಡೆ ಸೂರ್ಯಚಂದ್ರರನ್ನು ಕೆತ್ತುವುದು, ಕೊನೆಯಲ್ಲಿ ಶಾಪವನ್ನು ಬರೆಯುವುದು ಅವರ ವಾಡಿಕೆ. ದತ್ತಿಯನ್ನು ಅಪಹರಿಸಿದವನು 60,000 ವರ್ಷ ಅಮೇಧ್ಯದ ಹುಳುವಾಗಿರುವನಂತೆ! ಮೂಢನಂಬಿಕೆಯೆಂದು ನಕ್ಕುಬಿಡುವುದು ಸುಲಭ. ಆದರೆ ಉಳಿಯು ಅಕ್ಷರವನ್ನು ಕಾಯಬಲ್ಲದೇ ಹೊರತು ಓದುವವನ ಮನಸ್ಸನ್ನು ಕಾಯಲಾರದೆಂದು ಅವರಿಗೆ ಚೆನ್ನಾಗಿ ತಿಳಿದಿತ್ತೆಂಬುದಕ್ಕೆ ಆ ಶಾಪವೇ ಪ್ರಮಾಣ.

ಓಲೆಗರಿಯ ಗತಿಯೇ ಬೇರೆ. ಹುಳು, ತೇವಗಳಿಗೆ ಈಡಾಗುವ ಅದನ್ನು ಕೆಲವು ತಲೆಮಾರುಗಳಿಗೊಮ್ಮೆ ಯಾರಾದರೂ ಕುಳಿತು ಪ್ರತಿಮಾಡಲೇಬೇಕು. ಇಲ್ಲವಾದರೆ ಗ್ರಂಥವೇ ಹೋಯಿತು. ಅದರ ನಶ್ವರತೆಯೇ ಮನೆಮಂದಿಗೆ ಹೊಣೆಯನ್ನು ಕಲಿಸಿತು. ಕಲ್ಲು ನಮ್ಮಿಂದ ಏನನ್ನೂ ಬೇಡಲಿಲ್ಲ; ಆದುದರಿಂದಲೇ ಅದನ್ನು ಮರೆತೆವೆಂದು ನನಗೆ ತೋರುತ್ತದೆ.

ಬಿ. ಎಲ್. ರೈಸರು ಎಪಿಗ್ರಾಫಿಯಾ ಕರ್ನಾಟಿಕದ 12 ಸಂಪುಟಗಳಲ್ಲಿ 9000ದ ಹತ್ತಿರಹತ್ತಿರ ಶಾಸನಗಳನ್ನು ಪ್ರಕಟಿಸಿದರು. ಸೊರಬ ತಾಲ್ಲೂಕಿನವು 1904ರ ಎಂಟನೆಯ ಸಂಪುಟದಲ್ಲಿವೆ. ಶಾಸನದ ಪ್ರತಿ ತೆಗೆಯುವ ಕ್ರಮವೇ ಒಂದು ಸೊಗಸು. ಕಲ್ಲನ್ನು ತೊಳೆದು, ಒದ್ದೆಮಾಡಿದ ಕಾಗದವನ್ನು ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರಗಳ ಕುಳಿಗೆ ಇಳಿಸುವರು. ಮೇಲೆ ಮಸಿಯ ಉಂಡೆಯನ್ನು ಒತ್ತಿದರೆ ಕಪ್ಪು ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡುವುವು. ಪುಸ್ತಕದಲ್ಲಿ ಬಂದಮೇಲೆ ಕಲ್ಲಿನಿಂದೇನಾಗಬೇಕೆಂದು ಕೇಳುವವರುಂಟು. ಪಾಠದಲ್ಲಿ ಸಂಶಯ ಬಂದಾಗ ಮತ್ತಾವುದನ್ನು ನೋಡುವುದು? ತಾಳಗುಂದದ ಸ್ತಂಭದಲ್ಲಿ ಕವಿ ಕುಬ್ಜನು ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದನೆಂದು ಹೇಳಿಕೊಂಡಿದ್ದಾನೆ. ಅಂಥ ಕೈಬರಹಕ್ಕೆ ಅಚ್ಚಿನ ಪ್ರತಿಯು ಸಮನಾದೀತೆ?

ಇನ್ನೊಂದು ಆಕ್ಷೇಪವು ಇದಕ್ಕಿಂತ ಬಲವಾದುದು. ಸತ್ತವರು ಇನ್ನೂ ಹುಟ್ಟದವರನ್ನು ತಮ್ಮ ಮಾತಿನಿಂದ ಕಟ್ಟಿಹಾಕುವುದು ನ್ಯಾಯವೆ? ಅಲ್ಲವೆಂದೇ ನಾನೂ ಹೇಳುವೆನು. ಮೈಸೂರು ಸೀಮೆಯಲ್ಲಿ ಧಾರ್ಮಿಕ ಇನಾಮುಗಳನ್ನು ರದ್ದುಮಾಡುವ ಕಾನೂನು 1955ರಲ್ಲಿ ಆಯಿತು. ಉಳುವವನ ಹಸಿವಿನ ಮುಂದೆ ಹಳೆಯ ಶಾಪವು ನಿಲ್ಲಬೇಕಾದುದೂ ಇಲ್ಲ. ಆದರೆ ಭೂಮಿಯ ಹಕ್ಕು ಬೇರೆ, ಸಾಕ್ಷ್ಯದ ಹಕ್ಕು ಬೇರೆ. ಶಾಸನದ ಆಜ್ಞೆಯನ್ನು ಬದಲಾಯಿಸುವ ಅಧಿಕಾರವು ಬದುಕಿರುವವರಿಗೆ ಉಂಟು. ಇಂಥವರು ಇಂಥ ಮಾತು ಕೊಟ್ಟಿದ್ದರೆಂಬುದನ್ನು ಅಳಿಸುವ ಅಧಿಕಾರವು ಯಾರಿಗೂ ಇಲ್ಲ. ಶಾಸನದ ಕಲ್ಲನ್ನು ಒಗೆಯುವ ಬಂಡೆ ಮಾಡಿಕೊಂಡವನು ದತ್ತಿಯನ್ನು ಕಸಿದವನಿಗಿಂತ ಹೆಚ್ಚಿನದನ್ನೇ ಕಸಿದನು. ಏಕೆಂದರೆ ನೆಲವನ್ನು ಮರಳಿ ಕೊಡಬಹುದು.

ಹನ್ನೊಂದನೆಯ ಶತಮಾನದ ಕನ್ನಡ ಲಿಪಿಯು ನಮ್ಮದಕ್ಕೆ ತೀರ ಅಪರಿಚಿತವಲ್ಲ. ಅಕ್ಷರಗಳ ಪಟ್ಟಿಯೊಂದನ್ನು ಮುಂದಿಟ್ಟುಕೊಂಡು ಕೆಲವು ವಾರ ಕುಳಿತರೆ, ಓದುಬರಹ ಬಲ್ಲ ಗೃಹಿಣಿಯೊಬ್ಬಳು ಮಾಳಲದೇವಿಯ ಹೆಸರನ್ನು ಬೆರಳಿಟ್ಟು ತನ್ನ ಮಕ್ಕಳಿಗೆ ತೋರಿಸಬಲ್ಲಳು.