ಕಂಸದೊಳಗಿನ ಕಥೆ

ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಯೇಸು ಕಲ್ಲೇಟಿನಿಂದ ಉಳಿಸಿದ ಕಥೆ ಬೈಬಲ್ ಓದದವರಿಗೂ ಗೊತ್ತು. ಜೊತೆಗಿದ್ದ ಗಂಡಸನ್ನು ಯಾಕೆ ಹಿಡಿದು ತರಲಿಲ್ಲವೋ, ಕಥೆ ಹೇಳುವುದಿಲ್ಲ. ಈಗ ಅದು ಯೋಹಾನನ ಸುವಾರ್ತೆಯ 8ನೇ ಅಧ್ಯಾಯದಲ್ಲಿದೆ. ಆದರೆ 4ನೇ ಶತಮಾನದ ಸಿನಾಯ್, ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಅದಿಲ್ಲ. ಕೆಲವು ಪ್ರತಿಗಳಲ್ಲಂತೂ ಲೂಕನ ಸುವಾರ್ತೆಗೆ ಹೋಗಿ ಸೇರಿಕೊಂಡಿದೆ. ಇಂದಿನ ಹಲವು ಮುದ್ರಣಗಳು ಅದನ್ನು ಕಂಸದೊಳಗೆ ಇಡುತ್ತವೆ.

ಹಾಗಾದರೆ ತೆಗೆದೇ ಹಾಕಬೇಕೇ? ನಾನು ಒಪ್ಪಲಾರೆ. ಯಾರು, ಯಾವಾಗ ಬರೆದರೆಂಬುದನ್ನು ಹಸ್ತಪ್ರತಿ ಬಲ್ಲವರೇ ಹೇಳಲಿ, ಅಲ್ಲಿ ಭಕ್ತಿ ಅಡ್ಡ ಬರಬಾರದು. ಆದರೆ ಕಲ್ಲು ಹಿಡಿದು ನಿಂತವನಿಗೆ ತನ್ನ ಪಾಪ ನೆನಪಾಗುವುದಕ್ಕೆ ಯೋಹಾನನ ರುಜು ಬೇಕೇ? ವಿಶ್ವಾಸಿಗಳು ಶತಮಾನಗಳಿಂದ ಆ ಮಾತಿಗೆ ತಲೆಬಾಗಿದ್ದಾರೆ. ಅದರ ಅಧಿಕಾರ ನನಗೆ ಕಾಣುವುದು ಅಲ್ಲಿ. ಇದು ನಡೆದದ್ದೇ ಎಂದು ವಾದಿಸುವವರಿಗೆ ಮಾತ್ರ ಆ ಹಳೆಯ ಪ್ರತಿಗಳು ಅಡ್ಡಿಯಾಗಿಯೇ ಉಳಿಯುತ್ತವೆ.