ತಂತಿ ಕತ್ತರಿಸುವ ಮುನ್ನ

ಮುಂಬಯಿಯ ಗಲ್ಲಿಗಳಲ್ಲಿ ದಾರಿ ತಪ್ಪಿ ಸಾಕಾಗಿ, ನಮ್ಮ ಕಾರಿನ ಸ್ಟೀರಿಯೋ ತೆಗೆದು ನ್ಯಾವಿಗೇಷನ್ ಯಂತ್ರ ಕೂಡಿಸಲು ಹೊರಟೆವು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಹಿಡಿದು ನಾವಿರುವ ಜಾಗವನ್ನು ಹೇಳುವ ಯಂತ್ರವದು. ಅಂಗಡಿಯವನೆಂದ: "ತಂತಿ ಕತ್ತರಿಸಿ ಜೋಡಿಸಿದರೆ ಅಗ್ಗ. ಸ್ಟೀರಿಂಗ್ ಮೇಲಿನ ಗುಂಡಿಗಳು ಮಾತ್ರ ಕೆಲಸ ಮಾಡವು."

ಇಂದಿಗೂ ಕಾರು ನಡೆಸುವ ತಂದೆಯವರು ರಸ್ತೆಯಿಂದ ಕಣ್ಣು ತೆಗೆಯದೆ ದನಿ ತಗ್ಗಿಸುವುದು ಆ ಗುಂಡಿಗಳಿಂದಲೇ. ನಮ್ಮ ಅನುಕೂಲಕ್ಕಾಗಿ, ಕೇಳದೆಯೇ, ಅವರ ಅಭ್ಯಾಸವನ್ನು ಕಿತ್ತೊಗೆಯುವ ಹಕ್ಕು ನಮಗುಂಟೇ?

ಇನ್ನೊಂದು ಮಾರ್ಗವಿತ್ತು. ನಡುವೆ ಒಂದು ಚಿಕ್ಕ ಅಡಾಪ್ಟರ್ ಇಟ್ಟರೆ ಗುಂಡಿಯ ಸಂಕೇತವನ್ನು ಅದು ಹೊಸ ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸುತ್ತದೆ. ಕಾರಿನ ಮಾದರಿಗೆ ಹೊಂದುವ ಕಪ್ಲರ್ ಸಿಕ್ಕರೆ ಮೂಲ ತಂತಿಗೆ ಕತ್ತರಿ ಬೀಳದು. ಖರ್ಚು ಹೆಚ್ಚು, ಕಾಯಬೇಕು. ಆದರೆ ದುಭಾಷಿಯ ಬೆಲೆ ಪರವೂರಿನಲ್ಲಿ ಬಾಳುವ ನಮಗೆ ತಿಳಿಯದ್ದೇ? ಅಜ್ಜಿಗೂ ನೆರೆಮನೆಯವರಿಗೂ ನಡುವೆ ನಿಂತು ನಮ್ಮ ಮಕ್ಕಳು ಮಾತು ದಾಟಿಸುವುದಿಲ್ಲವೇ?

ಕಾದೆವು. ಈಗ ಹೊಸ ಯಂತ್ರ ದಾರಿ ಹೇಳುತ್ತದೆ. ಅದು ಅತಿಯಾಗಿ ಮಾತಾಡಿದರೆ ತಂದೆಯವರ ಹೆಬ್ಬೆರಳು ಸುಮ್ಮನಾಗಿಸುತ್ತದೆ. ಹಳೆಯದನ್ನೆಲ್ಲ ಉಳಿಸಲಾಗದು, ನಿಜ. ಆದರೂ ಇನ್ನೊಬ್ಬರ ಕೈಗೆ ಒಗ್ಗಿದ್ದನ್ನು ಕತ್ತರಿಸುವ ಮುನ್ನ ಅವರನ್ನೊಮ್ಮೆ ಕೇಳುವುದು ನಮ್ಮ ಧರ್ಮ.