ಟೀ ಬ್ಯಾಗು, ಬೆಲ್ಲ ಮತ್ತು ನಾಲಿಗೆಯ ತೀರ್ಪು

ಸೂಪರ್ ಮಾರ್ಕೆಟ್ಟಿನ ಟೀ ಬ್ಯಾಗಿನ ಬಗ್ಗೆ ತಿಳಿದವರೆನಿಸಿಕೊಂಡವರ ತೀರ್ಪು ಸಾಮಾನ್ಯವಾಗಿ ಒಂದೇ: ಅದರಲ್ಲಿರುವುದು ಬರೀ ಧೂಳು. ಅರಕೆರೆಯ ಟೀ ಅಂಗಡಿಯೊಂದರ ಮುಂದೆ ನಿಂತು ಈ ಮಾತನ್ನು ತಿರಸ್ಕಾರದಿಂದ ಆಡುವುದು ಸ್ವಲ್ಪ ಕಷ್ಟ. ‘ಅಣ್ಣಾ, ಸ್ಟ್ರಾಂಗಾಗಿ ಒಂದು’ ಎಂದು ಕೇಳಿದವನಿಗೆ ಬರುವ ಗಟ್ಟಿ ಬಣ್ಣ, ಹಾಲು ಸಕ್ಕರೆಗಳನ್ನು ಮೀರಿ ನಿಲ್ಲುವ ಒಗರು, ಎಲ್ಲವೂ ಆ ಧೂಳಿನದೇ.

‘ಡಸ್ಟ್’ ಎನ್ನುವುದು ಬೈಗುಳವಲ್ಲ, ಜರಡಿಯ ಲೆಕ್ಕ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ರೂಪುಗೊಂಡ ಸಿಟಿಸಿ ಯಂತ್ರ ಹಲ್ಲಿನ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಸುರುಳಿಸಿ ಸಣ್ಣ ಕಾಳು ಮಾಡುತ್ತದೆ. ಒಣಗಿದ ಮೇಲೆ ಅದನ್ನು ಗಾತ್ರದ ಪ್ರಕಾರ ಬೇರ್ಪಡಿಸುತ್ತಾರೆ. ಎಳೆ ಚಿಗುರಿನಿಂದಲೂ ಡಸ್ಟ್ ಬರುತ್ತದೆ, ಬಲಿತ ಎಲೆಯಿಂದ ದಪ್ಪ ಟೀಯೂ ಬರುತ್ತದೆ. ನುಣ್ಣಗಿದ್ದಷ್ಟೂ ನೀರು ತಾಕುವ ಮೈ ಹೆಚ್ಚು. ಹಾಗಾಗಿ ಬಣ್ಣವನ್ನು ಬೇಗ ಬಿಡುತ್ತದೆ, ಘಮವನ್ನೂ ಬೇಗ ಕಳೆದುಕೊಳ್ಳುತ್ತದೆ. ಹಾಲು ಹಾಕಿ ಕಾಸುವವನಿಗೆ ಮೊದಲನೆಯದು ಮುಖ್ಯ. ಹಾಲಿಲ್ಲದೆ ಕುಡಿಯುವವನಿಗೆ ಎರಡನೆಯದು ನಷ್ಟ. ಒಂದೇ ಪುಡಿ, ಎರಡು ತೀರ್ಪು, ಎರಡೂ ಸರಿ.

ಹಾಗಾದರೆ ‘ನಿನ್ನ ರುಚಿ ನಿನಗೆ, ನನ್ನ ರುಚಿ ನನಗೆ’ ಎಂದು ಕೈ ತೊಳೆದುಕೊಳ್ಳಬಹುದೇ? ನನಗೆ ಹಾಗನ್ನಿಸುವುದಿಲ್ಲ. ಡೇವಿಡ್ ಹ್ಯೂಮ್ 1757ರಲ್ಲಿ ಪ್ರಕಟಿಸಿದ ರುಚಿಯ ಮಾನದಂಡ ಕುರಿತ ಪ್ರಬಂಧದಲ್ಲಿ ಡಾನ್ ಕ್ವಿಕ್ಸೋಟಿನ ಒಂದು ಕತೆಯನ್ನು ನೆನೆಯುತ್ತಾನೆ. ಸ್ಯಾಂಕೋನ ಇಬ್ಬರು ಬಂಧುಗಳು ಒಂದು ಪೀಪಾಯಿಯ ದ್ರಾಕ್ಷಾರಸದ ರುಚಿ ನೋಡುತ್ತಾರೆ. ಚೆನ್ನಾಗಿದೆ, ಆದರೆ ಚರ್ಮದ ವಾಸನೆ ಎಂದು ಒಬ್ಬ. ಚೆನ್ನಾಗಿದೆ, ಆದರೆ ಕಬ್ಬಿಣದ ರುಚಿ ಎಂದು ಇನ್ನೊಬ್ಬ. ಜನ ನಗುತ್ತಾರೆ. ಪೀಪಾಯಿ ಖಾಲಿಯಾದಾಗ ತಳದಲ್ಲಿ ಚರ್ಮದ ದಾರ ಕಟ್ಟಿದ ಒಂದು ಬೀಗದ ಕೈ ಸಿಗುತ್ತದೆ. ಸೂಕ್ಷ್ಮ ನಾಲಿಗೆ ಕಂಡದ್ದು ಭ್ರಮೆಯಲ್ಲ ಎಂಬುದು ಹ್ಯೂಮನ ವಾದ. ಆ ಸೂಕ್ಷ್ಮತೆ ಅಭ್ಯಾಸದಿಂದ, ಹೋಲಿಕೆಯಿಂದ, ಪೂರ್ವಗ್ರಹ ಬಿಡುವುದರಿಂದ ಬರುತ್ತದೆ. ನಮ್ಮಲ್ಲಿ ಭರತನ ನಾಟ್ಯಶಾಸ್ತ್ರವೂ ರಸವೆಂದರೇನೆಂದು ಹೇಳಲು ಊಟದ ಉದಾಹರಣೆಯನ್ನೇ ಹಿಡಿಯುತ್ತದೆ. ಅಲ್ಲಿ ಸವಿಯುವವನು ‘ಸುಮನಸ’ನಾಗಿರಬೇಕು. ಹಸಿವೊಂದೇ ಸಾಲದು, ಮನಸ್ಸೂ ಅಣಿಯಾಗಿರಬೇಕು.

ಟೀ ಬ್ಯಾಗಿನ ತಳದಲ್ಲೂ ಕೆಲವೊಮ್ಮೆ ಬೀಗದ ಕೈ ಇರುತ್ತದೆ. ಬ್ಯಾಗನ್ನು ಕತ್ತರಿಸಿ ಪುಡಿಯನ್ನು ಒದ್ದೆ ಫಿಲ್ಟರ್ ಕಾಗದದ ಮೇಲೆ ಉದುರಿಸಿದರೆ, ಬಣ್ಣ ಬೆರೆಸಿದ್ದಾದರೆ ಕಾಗದ ಕೂಡಲೇ ಕಲೆಯಾಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರವೇ ಮನೆಯಲ್ಲಿ ಮಾಡಿನೋಡಲು ಹೇಳುವ ಪರೀಕ್ಷೆ ಇದು. ಆದರೆ ಕಲಬೆರಕೆಯಿಲ್ಲದ, ಸುಮ್ಮನೆ ಸಪ್ಪೆಯಾದ ಟೀಯನ್ನು ಯಾವ ಕಾಗದವೂ ಹಿಡಿದುಕೊಡುವುದಿಲ್ಲ. ಅಲ್ಲಿ ಹೋಲಿಕೆಯೇ ಗತಿ. ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಟೀ, 6 ನಿಮಿಷ. ಇದು ರುಚಿಯಾದ ಟೀ ಮಾಡುವ ವಿಧಾನವಲ್ಲ, ಎರಡು ಟೀಗಳನ್ನು ಸಮನೆಲದಲ್ಲಿ ನಿಲ್ಲಿಸುವ ವಿಧಾನ. ಒಂದು ಬ್ಯಾಗಿನಲ್ಲಿ ಸಾಮಾನ್ಯವಾಗಿ ಇರುವುದೂ 2 ಗ್ರಾಮಿನಷ್ಟೇ. ಅದನ್ನು ದೊಡ್ಡ ಮಗ್ಗಿನಲ್ಲಿ ಅದ್ದಿ ಅರ್ಧ ನಿಮಿಷಕ್ಕೆ ಎತ್ತಿ ‘ನೀರುನೀರು’ ಎನ್ನುವವರು ಟೀಯ ವಿಚಾರಣೆಯನ್ನೇ ಮಾಡದೆ ಶಿಕ್ಷೆ ವಿಧಿಸುತ್ತಾರೆ. ನೀರಿನ ಪಾಲೂ ಇದೆ. ಗಡಸು ಬೋರ್ ನೀರಿನಲ್ಲಿ ಅದೇ ಬ್ಯಾಗು ಮಂಕಾಗಿ, ಮೇಲೆ ತೆಳುಪೊರೆ ಕಟ್ಟಿಕೊಳ್ಳುತ್ತದೆ.

ಈ ಸೀಮೆಯವರಿಗೆ ಇದೆಲ್ಲ ಹೊಸತಲ್ಲ, ಏಕೆಂದರೆ ಅವರಿಗೆ ಬೆಲ್ಲ ಗೊತ್ತು. ಕೊಪ್ಪರಿಗೆಯಲ್ಲಿ ಕುದಿಯುವ ಪಾಕದ ಹದವನ್ನು ಒಂದು ಹನಿ ತಣ್ಣೀರಿಗೆ ಬಿಟ್ಟು ಉಂಡೆ ಕಟ್ಟಿ ತಿಳಿಯುವ ಕೈಗೆ ಹ್ಯೂಮನ ಪಾಠ ಬೇಕಿಲ್ಲ. ಕಬ್ಬಿನಹಾಲಿನ ಮಡ್ಡಿ ತೆಗೆಯಲು ಬೆಂಡೆ ಗಿಡದ ಲೋಳೆ ಬಳಸುತ್ತಿದ್ದುದೂ ಇಲ್ಲಿನ ಆಲೆಮನೆಗಳೇ. ಆದರೆ ಪೇಟೆ ಹಳದಿ ಬೆಲ್ಲ ಕೇಳಿತು. ಕಣ್ಣಿಗೆ ಚೆಂದ ಕಂಡದ್ದಕ್ಕೆ ಬೆಲೆ ಹೆಚ್ಚಾಯಿತು, ಕೊಪ್ಪರಿಗೆಗೆ ಹೈಡ್ರೋಸ್ ಬಿತ್ತು. ಈಗ ಅದೇ ಪೇಟೆ ಕಪ್ಪು ಬೆಲ್ಲವೇ ಶುದ್ಧವೆಂದು ದುಪ್ಪಟ್ಟು ಕೊಡಲು ಸಿದ್ಧವಾಗಿದೆ. (ಸೀದು ಕಪ್ಪಾದದ್ದೂ, ಮಡ್ಡಿ ತೆಗೆಯದೆ ಕಪ್ಪಾದದ್ದೂ ಈ ಹೆಸರಿನಲ್ಲಿ ಸಲ್ಲುತ್ತವೆ.) ಎರಡೂ ಸಲ ತೀರ್ಪು ಕೊಟ್ಟದ್ದು ಕಣ್ಣು, ನಾಲಿಗೆಯನ್ನು ಯಾರೂ ಕೇಳಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇಲ್ಲಿನ ನೈತಿಕ ತೊಡಕು. ಕೊಳ್ಳುವವನ ರುಚಿ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ. ಅದು ತಯಾರಿಸುವವನ ಕೈಯನ್ನು ತಿರುಗಿಸುತ್ತದೆ. ಸೋಮಾರಿ ತೀರ್ಪಿಗೆ ಸೋಮಾರಿ ಸರಕು. ಟೀ ಬ್ಯಾಗಿನಲ್ಲೂ ಹಾಗೆಯೇ: ಒಂದು ನಿಮಿಷದಲ್ಲಿ ಕಡು ಬಣ್ಣ ಬಂದರೆ ಒಳ್ಳೆಯ ಟೀ ಎಂದು ನಾವು ಒಪ್ಪಿದರೆ, ಬಣ್ಣಕ್ಕಾಗಿಯೇ ಮಿಶ್ರಣ ಹದಗೊಳ್ಳುತ್ತದೆ.

ಇನ್ನೊಂದು ಮಾತಿದೆ. ಹಲವು ತೋಟಗಳ ಪುಡಿ ಬೆರೆತ ಬ್ಯಾಗಿನಲ್ಲಿ ಚಿಗುರು ಕಿತ್ತವಳ ಕೂಲಿ ಎಷ್ಟೆಂದು ನಾಲಿಗೆಗೆ ತಿಳಿಯುವ ದಾರಿಯಿಲ್ಲ. ಅದನ್ನೂ ಗುಣಮಟ್ಟದೊಳಗೇ ಸೇರಿಸಬೇಕೆಂದು ಕೆಲವು ಗೆಳೆಯರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಸೇರಿಸಿದರೆ, ಆಶಯ ಒಳ್ಳೆಯದಾದ್ದರಿಂದ ಕವಿತೆಯೂ ಒಳ್ಳೆಯದು ಎನ್ನುವ ವಿಮರ್ಶಕರ ಹಾಗಾಗುತ್ತೇವೆ. ಸಪ್ಪೆ ಟೀಯನ್ನು ಸಪ್ಪೆ ಎನ್ನಬೇಕು. ಕೂಲಿಯ ಪ್ರಶ್ನೆಯನ್ನು ಲೋಟ ಕೆಳಗಿಟ್ಟು, ಡಬ್ಬಿಯನ್ನು ತಿರುಗಿಸಿ ಓದಿ, ಬೇರೆಯಾಗಿಯೇ ಕೇಳಬೇಕು. ಸದ್ಯಕ್ಕೆ ಅಲ್ಲಿ ಸಿಗುವುದು ತೂಕ, ಬೆಲೆ, ಪ್ಯಾಕ್ ಮಾಡಿದ ದಿನಾಂಕ, ಪ್ಯಾಕ್ ಮಾಡಿದವರ ವಿಳಾಸ.